ಅರ್ಧ ಗಂಟೆ ಕೇಳಲು ಯಾರೂ ಇರಲಿಲ್ಲ

ನಮ್ಮೂರು ಅಕ್ಕೋಳದ ಜಾತ್ರೆಯಲ್ಲಿ ದೇವರ ದರ್ಶನಕ್ಕೆ ಎಷ್ಟು ಜನವೋ ಕುಸ್ತಿ ನೋಡಲೂ ಅಷ್ಟೇ ಜನ. ನಿಪ್ಪಾಣಿ ಸುತ್ತಲಿನ ಹಳ್ಳಿಗಳಿಂದಷ್ಟೇ ಅಲ್ಲ, ಗಡಿಯಾಚೆಯ ಕೊಲ್ಹಾಪುರ ಕಡೆಯಿಂದಲೂ ಪೈಲ್ವಾನರು ಬರುತ್ತಾರೆ. ಕಳೆದ ಜಾತ್ರೆಯಲ್ಲಿ ಕೊನೆಯ ಜೋಡಿಯ ಕುಸ್ತಿ ಜಗಳದಲ್ಲಿ ಮುಗಿಯಿತು. ಕೆಳಗೆ ಬಿದ್ದ ಪೈಲ್ವಾನನ ಬಲಭುಜ ಮಣ್ಣಿಗೆ ತಾಗಿತು ಎಂದು ಪಂಚರು ಕೈ ಎತ್ತಿದರು. ಅರ್ಧ ಜನ ಶಿಳ್ಳೆ ಹಾಕಿದರು, ಉಳಿದರ್ಧ ಜನ ಕಣದೊಳಗೆ ನುಗ್ಗಿದರು. ಹಲಗೆ ಬಾರಿಸುವವರು ಕೈ ನಿಲ್ಲಿಸಿದರು. ರಾತ್ರಿ ಕಟ್ಟೆಯ ಮೇಲೆ ಎಲ್ಲರ ಮೊಬೈಲ್ ಹೊರಬಂದವು. ಒಂದೇ ವಿಡಿಯೊದಲ್ಲಿ ಎರಡೂ ಕಡೆಯವರಿಗೆ ತಮಗೆ ಬೇಕಾದದ್ದೇ ಕಂಡಿತು!

ಇದು ನನಗೆ ಹೊಸದೇನೂ ಅಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ವರ್ಷವಿಡೀ ನಡೆಯುವುದು ಇದೇ. ಐಪಿಎಲ್ ಹರಾಜಿನಲ್ಲಿ ಯಾರನ್ನು ಬಿಡಬಾರದಿತ್ತು, ಯಾರನ್ನು ಕೊಳ್ಳಬೇಕಿತ್ತು ಎಂಬ ವಾದಕ್ಕೆ ಊಟದ ತಟ್ಟೆ ಒಣಗುತ್ತದೆ. 2019ರ ಮಾರ್ಚ್ 28ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮುಂಬೈ ವಿರುದ್ಧ ಆರ್‌ಸಿಬಿ ಸೋತಾಗ ಕೊನೆಯ ಎಸೆತ ನೋಬಾಲ್ ಆಗಿದ್ದನ್ನು ಅಂಪೈರ್ ಗಮನಿಸಿರಲಿಲ್ಲ. ಆಗ ನಾವು ಇನ್ನೂ ಶಾಲೆಯಲ್ಲಿದ್ದವರು. ಆದರೂ ಆ ಎಸೆತದ ಬಗ್ಗೆ ಈಗಲೂ ಜಗಳವಾಡುತ್ತೇವೆ.

ಜಾತ್ರೆಯ ಆ ರಾತ್ರಿ ಎಲ್ಲರ ಕೂಗಾಟ ಕೇಳುತ್ತಾ ಕುಳಿತಿದ್ದ ನನ್ನ ಅಜ್ಜ ಮನೆಗೆ ಬರುವಾಗ ಒಂದು ಪ್ರಶ್ನೆ ಕೇಳಿದರು. ಪಂಚರು ಕೈ ಎತ್ತಿದಾಗ ಅವರ ಪಕ್ಕದಲ್ಲಿ ನಿಂತು ನಿಯಮ ಹೇಳಿದವರು ಯಾರಾದರೂ ಇದ್ದರೇ ಎಂದು. ಯಾರೂ ಇರಲಿಲ್ಲ. ಕೂಗಿದವರೆಲ್ಲ ದೂರದಲ್ಲಿದ್ದರು. ಆಗ ಅಜ್ಜ ಖಾಶಾಬಾ ಜಾಧವ ಅವರ ಹೆಸರು ಹೇಳಿದರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಮೊದಲ ವೈಯಕ್ತಿಕ ಪದಕ ತಂದವರು ಎಂದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕದಲ್ಲಿ ಒಂದು ಸಾಲು ಓದಿದ್ದೆ, ಅಷ್ಟೇ. ಆ ಒಂದು ಸಾಲಿನ ಹಿಂದೆ ಇಷ್ಟೊಂದು ಕಥೆ ಇದೆ ಎಂದು ಗೊತ್ತಿರಲಿಲ್ಲ.

ಖಾಶಾಬಾ ನಮಗೆ ದೂರದವರೇನಲ್ಲ. ನಿಪ್ಪಾಣಿಯಲ್ಲಿ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಸುಮಾರು 40 ಕಿ.ಮೀ.ಗೆ ಕೊಲ್ಹಾಪುರ. ಅದೇ ರಸ್ತೆಯಲ್ಲಿ ಇನ್ನೂ ಸುಮಾರು 70 ಕಿ.ಮೀ. ಹೋದರೆ ಸಾತಾರಾ ಜಿಲ್ಲೆಯ ಕರಾಡ. ಅದರ ಮಗ್ಗುಲಲ್ಲೇ ಗೋಳೇಶ್ವರ ಎಂಬ ಸಣ್ಣ ಹಳ್ಳಿ. ಖಾಶಾಬಾ ದಾದಾಸಾಹೇಬ ಜಾಧವ ಹುಟ್ಟಿದ್ದು ಅಲ್ಲಿ, 1926ರ ಜನವರಿ 15ರಂದು. ಐವರು ಗಂಡುಮಕ್ಕಳಲ್ಲಿ ಕಿರಿಯವರು. ತಂದೆ ದಾದಾಸಾಹೇಬ ಸ್ವತಃ ಪೈಲ್ವಾನರು. ಐದನೇ ವಯಸ್ಸಿಗೇ ಮಗನನ್ನು ತಾಲೀಮಿನ ಮಣ್ಣಿಗೆ ಇಳಿಸಿದರು. ಕರಾಡದ ಟಿಳಕ ಹೈಸ್ಕೂಲಿನಲ್ಲಿ ಓದು, ಬೆಳಗ್ಗೆ ಸಂಜೆ ಕಸರತ್ತು. 1942ರ ಚಲೇಜಾವ್ ಚಳವಳಿಯ ದಿನಗಳಲ್ಲಿ ಭೂಗತರಾಗಿದ್ದ ಹೋರಾಟಗಾರರಿಗೆ ಆಶ್ರಯ ಕೊಡುವುದು, ಪತ್ರ ತಲುಪಿಸುವುದು ಇಂಥ ಕೆಲಸಗಳನ್ನೂ ಮಾಡಿದರು.

ಮುಂದೆ ಕೊಲ್ಹಾಪುರದ ರಾಜಾರಾಮ ಕಾಲೇಜು ಸೇರಿದರು. ಕೊಲ್ಹಾಪುರ ಎಂದರೆ ಕುಸ್ತಿಯ ತವರು. ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನದಲ್ಲಿ 1912ರಿಂದ ದೊಡ್ಡ ದೊಡ್ಡ ಕುಸ್ತಿಗಳು ನಡೆದಿವೆ. ಅಂಥ ಊರಿನ ಕಾಲೇಜಿನಲ್ಲಿ ಈ ಕುಳ್ಳ, ತೆಳ್ಳನೆಯ ಹುಡುಗನನ್ನು ಕಂಡ ಕ್ರೀಡಾ ಶಿಕ್ಷಕರು ವಾರ್ಷಿಕ ಸ್ಪರ್ಧೆಗೆ ಹೆಸರು ಬರೆದುಕೊಳ್ಳಲು ಒಪ್ಪಲಿಲ್ಲ. ಖಾಶಾಬಾ ಜಗಳ ಮಾಡಲಿಲ್ಲ, ಸುಮ್ಮನೆ ಮನೆಗೂ ಹೋಗಲಿಲ್ಲ. ನೇರ ಪ್ರಾಂಶುಪಾಲರ ಕೋಣೆಗೆ ಹೋಗಿ ಒಂದು ಅವಕಾಶ ಕೊಡಿ ಎಂದು ಕೇಳಿದರು. ಅವಕಾಶ ಸಿಕ್ಕಿತು. ತಮಗಿಂತ ದಪ್ಪ, ತಮಗಿಂತ ಅನುಭವಿ ಹುಡುಗರನ್ನು ಕೆಡವಿದರು. ಎದುರಾಳಿಯ ಕುತ್ತಿಗೆಯನ್ನು ತೋಳಿನಲ್ಲಿ ಬಿಗಿದು ಎತ್ತಿ ಒಗೆಯುವ ಢಾಕ್ ಎಂಬ ಪಟ್ಟು ಅವರ ಕೈಯಲ್ಲಿ ಪಳಗಿತ್ತು.

1948ರಲ್ಲಿ ಲಂಡನ್ ಒಲಿಂಪಿಕ್ಸ್. ಖರ್ಚನ್ನು ಕೊಲ್ಹಾಪುರದ ಮಹಾರಾಜರು ವಹಿಸಿದರು. ಅಲ್ಲಿಯವರೆಗೆ ಕೆಂಪು ಮಣ್ಣಿನಲ್ಲಷ್ಟೇ ಆಡಿದ್ದ ಖಾಶಾಬಾ ಅಲ್ಲಿ ಮ್ಯಾಟ್ ಮೇಲೆ ಆಡಬೇಕಾಯಿತು. ಬದಲಾದದ್ದು ಕಾಲ ಕೆಳಗಿನ ನೆಲ ಮಾತ್ರವಲ್ಲ, ಗೆಲುವಿನ ಅರ್ಥವೂ ಬದಲಾಗಿತ್ತು. ನಮ್ಮ ಮಣ್ಣಿನ ನಿಕಾಲಿ ಕುಸ್ತಿಯಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗುವವರೆಗೂ ಆಟ ನಡೆಯುತ್ತದೆ. ಮ್ಯಾಟ್ ಮೇಲೆ ಗಡಿಯಾರ ಇರುತ್ತದೆ. ಸಮಯ ಮುಗಿಯುವುದರೊಳಗೆ ಯಾರೂ ಚಿತ್ ಆಗದಿದ್ದರೆ ಗೆದ್ದವರು ಯಾರೆಂದು ತೀರ್ಪುಗಾರರು ಹೇಳುತ್ತಾರೆ. ಅಂದರೆ ಎದುರಾಳಿಯ ಜೊತೆಗೆ ನಿಯಮವನ್ನೂ ಅರ್ಥ ಮಾಡಿಕೊಳ್ಳಬೇಕು. ಅಮೆರಿಕದ ರೀಸ್ ಗಾರ್ಡ್ನರ್ ಅವರಿಂದ ತರಬೇತಿ ಪಡೆದ ಖಾಶಾಬಾ ಫ್ಲೈವೇಟ್ ವಿಭಾಗದಲ್ಲಿ ಆರನೇ ಸ್ಥಾನ ಪಡೆದರು. ಮ್ಯಾಟ್ ಕಂಡು ಕೆಲವೇ ದಿನವಾಗಿದ್ದವರಿಗೆ ಅದು ದೊಡ್ಡ ಸಾಧನೆ. ಆದರೆ ಅವರಿಗೆ ತೃಪ್ತಿ ಇರಲಿಲ್ಲ. ಊರಿಗೆ ಬಂದವರೇ ಮುಂದಿನ ನಾಲ್ಕು ವರ್ಷದ ತಯಾರಿ ಶುರು ಮಾಡಿದರು. ಈ ಬಾರಿ ತೂಕವನ್ನೂ ಹೆಚ್ಚಿಸಿಕೊಂಡು 57 ಕೆ.ಜಿ.ಯ ಬ್ಯಾಂಟಮ್‌ವೇಟ್ ವಿಭಾಗಕ್ಕೆ ಬಂದರು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಮುನ್ನ ಮೊದಲ ವಿವಾದ ಎದುರಾಯಿತು. ಮದ್ರಾಸಿನಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆಯಲ್ಲಿ ನಿರಂಜನ ದಾಸ್ ಅವರಿಗಿಂತ ಒಂದೇ ಒಂದು ಅಂಕ ಕಡಿಮೆ ಕೊಟ್ಟು ಖಾಶಾಬಾ ಅವರನ್ನು ಹಿಂದೆ ಹಾಕಲಾಯಿತು. ಇದು ಬೇಕೆಂದೇ ಮಾಡಿದ್ದು ಎಂಬುದು ಅವರ ದೂರು. ನಮ್ಮ ಹಾಸ್ಟೆಲ್ ಆಗಿದ್ದರೆ ಈ ಒಂದು ಅಂಕದ ಮೇಲೆ ಹತ್ತು ವರ್ಷ ವಾದ ನಡೆಯುತ್ತಿತ್ತು. ಖಾಶಾಬಾ ಪಟಿಯಾಲಾ ಮಹಾರಾಜರ ಬಳಿ ಹೋದರು. ಇಲ್ಲಿ ಒಂದು ಸೂಕ್ಷ್ಮವಿದೆ. ಅವರು ಆ ಅಂಕವನ್ನು ವಾಪಸ್ ಕೊಡಿ ಎಂದು ಕೇಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಇನ್ನೊಂದು ಕುಸ್ತಿ. ಆಯ್ಕೆಯ ಕುಸ್ತಿ ಏರ್ಪಾಟಾಯಿತು. ಈ ಸಲ ಅಂಕ ಎಣಿಸುವ ಪ್ರಮೇಯವೇ ಬರದಂತೆ ಎದುರಾಳಿಯನ್ನು ಕೆಡವಿ ಹೆಲ್ಸಿಂಕಿಗೆ ಸ್ಥಾನ ಗಿಟ್ಟಿಸಿದರು.

ಸ್ಥಾನ ಸಿಕ್ಕರೂ ಹಣ ಇರಲಿಲ್ಲ. ಊರೂರು ತಿರುಗಿ ವಂತಿಗೆ ಕೇಳಿದರು. ಗೋಳೇಶ್ವರದ ಜನ ಕೈಲಾದಷ್ಟು ಕೊಟ್ಟರು. ರಾಜಾರಾಮ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಹೊಂದಿಸಿದರು ಎಂದು ಕೊಲ್ಹಾಪುರದಲ್ಲಿ ಇಂದಿಗೂ ಹೇಳುತ್ತಾರೆ. ವಿದ್ಯಾರ್ಥಿಯೊಬ್ಬನ ಮೇಲೆ ಅಷ್ಟು ನಂಬಿಕೆ ಇಡುವ ಗುರುಗಳನ್ನು ಪಡೆದವರು ಪುಣ್ಯವಂತರು.

ಹೆಲ್ಸಿಂಕಿಯಲ್ಲಿ ಕೆನಡಾ, ಮೆಕ್ಸಿಕೊ, ಜರ್ಮನಿಯ ಪೈಲ್ವಾನರನ್ನು ಖಾಶಾಬಾ ಒಬ್ಬರ ನಂತರ ಒಬ್ಬರಂತೆ ಸೋಲಿಸಿದರು. ಇನ್ನು ಉಳಿದಿದ್ದವರು ಜಪಾನಿನ ಶೋಹಾಚಿ ಇಶಿಯಿ ಮತ್ತು ಸೋವಿಯತ್ ಒಕ್ಕೂಟದ ರಶೀದ್ ಮಮ್ಮದ್‌ಬೆಯೋವ್. ಎರಡನೇ ವಿವಾದ ಇಲ್ಲಿ ಹುಟ್ಟಿತು. ಹದಿನೈದು ನಿಮಿಷದ ದೀರ್ಘ ಕುಸ್ತಿ ಮುಗಿಸಿ ಬೆವರು ಆರುವ ಮೊದಲೇ ಅವರನ್ನು ಮುಂದಿನ ಕುಸ್ತಿಗೆ ಕರೆದರು. ಎರಡು ಕುಸ್ತಿಗಳ ನಡುವೆ ಕನಿಷ್ಠ 30 ನಿಮಿಷ ವಿಶ್ರಾಂತಿ ಕೊಡಬೇಕೆಂಬ ನಿಯಮವಿತ್ತು. ಆ ನಿಯಮವನ್ನು ತೋರಿಸಿ ವಾದಿಸಲು ಭಾರತದ ಒಬ್ಬ ಅಧಿಕಾರಿಯೂ ಆ ಹೊತ್ತಿಗೆ ಮ್ಯಾಟ್ ಬಳಿ ಇರಲಿಲ್ಲ. ದಣಿದ ಮೈಯಲ್ಲೇ ಖಾಶಾಬಾ ಕಣಕ್ಕಿಳಿದರು, ಸೋತರು. ಚಿನ್ನ ಇಶಿಯಿಗೆ, ಬೆಳ್ಳಿ ಮಮ್ಮದ್‌ಬೆಯೋವ್‌ಗೆ, ಕಂಚು ಖಾಶಾಬಾಗೆ. ಅಂದು 1952ರ ಜುಲೈ 23.

ಅರ್ಧ ಗಂಟೆ ಸಿಕ್ಕಿದ್ದರೆ ಗೆಲ್ಲುತ್ತಿದ್ದರೇ? ಹೇಳಲು ಬರುವುದಿಲ್ಲ. ಎದುರಾಳಿಗಳೂ ಸಾಮಾನ್ಯರಲ್ಲ. ಆದರೆ ಆ ಅರ್ಧ ಗಂಟೆ ಅವರ ಹಕ್ಕಾಗಿತ್ತು. ಅದನ್ನು ಕೇಳಬೇಕಾದವರು ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಇರಲಿಲ್ಲ. ಎಪ್ಪತ್ತು ವರ್ಷಗಳಿಂದ ನಾವು ಲೇಖನಗಳಲ್ಲಿ, ಕಟ್ಟೆಗಳ ಮೇಲೆ ಅವರ ಪರ ವಾದಿಸುತ್ತಿದ್ದೇವೆ. ಅಂದು ಬೇಕಾಗಿದ್ದದ್ದು ನಿಯಮ ಬಲ್ಲ ಒಬ್ಬ ಮನುಷ್ಯ, ಎರಡು ನಿಮಿಷದ ಮಾತು.

ಊರಿಗೆ ಮರಳಿದಾಗ ಕರಾಡ ನಿಲ್ದಾಣದಲ್ಲಿ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳು ಕಾದಿದ್ದವು. ಸ್ವಲ್ಪ ಹೊತ್ತಿನ ದಾರಿ ಮೆರವಣಿಗೆಯಲ್ಲಿ ಗಂಟೆಗಟ್ಟಲೆ ಹಿಡಿಯಿತು. ಮೆರವಣಿಗೆ ಮುಗಿದ ಮೇಲೆ ಖಾಶಾಬಾ ಮಾಡಿದ ಕೆಲಸ ನನಗೆ ಪದಕದಷ್ಟೇ ದೊಡ್ಡದಾಗಿ ಕಾಣುತ್ತದೆ. ಕೊಲ್ಹಾಪುರದಲ್ಲಿ ಕುಸ್ತಿ ಪಂದ್ಯಗಳನ್ನು ಏರ್ಪಡಿಸಿ, ತಾವೂ ಆಡಿ, ಬಂದ ಹಣವನ್ನು ಪ್ರಾಂಶುಪಾಲರ ಸಾಲಕ್ಕೆ ಕೊಟ್ಟರು. ಅಡವಿದ್ದ ಮನೆ ಬಿಡಿಸಿಕೊಟ್ಟರು.

1955ರಲ್ಲಿ ಪೊಲೀಸ್ ಇಲಾಖೆಗೆ ಸಬ್ ಇನ್‌ಸ್ಪೆಕ್ಟರ್ ಆಗಿ ಸೇರಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ತಯಾರಿ ನಡೆಸುತ್ತಿದ್ದಾಗ ಮೊಣಕಾಲಿಗೆ ಪೆಟ್ಟಾಗಿ ಆ ಕನಸು ಅಲ್ಲಿಗೇ ನಿಂತಿತು. 27 ವರ್ಷ ಇಲಾಖೆಯಲ್ಲಿ ದುಡಿದು ಸಹಾಯಕ ಪೊಲೀಸ್ ಆಯುಕ್ತರಾಗಿ ನಿವೃತ್ತರಾದರು. ಬಡ್ತಿಗಾಗಿ ವರ್ಷಗಟ್ಟಲೆ ಕಾದರು, ನಿವೃತ್ತಿಯ ನಂತರ ಪಿಂಚಣಿಗಾಗಿ ಅಲೆದರು. ದೇಶಕ್ಕೆ ಪದಕ ತಂದವರಿಗೇ ಹೀಗಾಯಿತು ಎಂದರೆ ಕೆಲಸಕ್ಕಾಗಿ ಅರ್ಜಿ ಹಿಡಿದು ಓಡಾಡುವ ನಮ್ಮಂಥವರಿಗೆ ಅದರ ನೋವು ಬೇಗ ಅರ್ಥವಾಗುತ್ತದೆ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಜ್ಯೋತಿ ಓಟದಲ್ಲಿ ಪಾಲ್ಗೊಳ್ಳಲು ಅವರನ್ನು ಕರೆದಿದ್ದರು. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅವರು ತೀರಿಕೊಂಡು ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಅವರ ನಂತರ ಭಾರತಕ್ಕೆ ಮತ್ತೊಂದು ವೈಯಕ್ತಿಕ ಒಲಿಂಪಿಕ್ ಪದಕ ಸಿಗಲು 1996ರ ಅಟ್ಲಾಂಟಾವರೆಗೆ, ಕುಸ್ತಿಯಲ್ಲಿ ಸಿಗಲು 2008ರ ಬೀಜಿಂಗ್‌ವರೆಗೆ ಕಾಯಬೇಕಾಯಿತು.

ಈಗ ಕಾಲ ಬದಲಾಗಿದೆ. ಇಂದಿನ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಪ್ರತಿ ಪೈಲ್ವಾನನ ಮೂಲೆಯಲ್ಲಿ ಕೋಚ್ ಕುಳಿತಿರುತ್ತಾರೆ. ತೀರ್ಪು ತಪ್ಪೆನಿಸಿದರೆ ಕೈಯಲ್ಲಿರುವ ಮೆತ್ತನೆಯ ತುಂಡನ್ನು ಮ್ಯಾಟ್ ಮೇಲೆ ಎಸೆದು ವಿಡಿಯೊ ಪರಿಶೀಲನೆ ಕೇಳಬಹುದು. ಆದರೆ ಆಟ ನಡೆಯುತ್ತಿರುವಾಗಲೇ ಕೇಳಬೇಕು. ಕೇಳಿದ್ದು ತಪ್ಪಾದರೆ ಎದುರಾಳಿಗೆ ಅಂಕ ಹೋಗುತ್ತದೆ. ಚಿನ್ನಸ್ವಾಮಿಯ ಆ ನೋಬಾಲ್ ಗಲಾಟೆಯ ನಂತರ, 2020ರ ಐಪಿಎಲ್‌ನಿಂದ ಬೌಲರ್‌ನ ಮುಂಗಾಲನ್ನು ಟಿ.ವಿ. ಅಂಪೈರ್ ನೋಡತೊಡಗಿದರು. ಪ್ಯಾರಿಸ್‌ನಲ್ಲಿ 100 ಗ್ರಾಂ ಹೆಚ್ಚು ತೂಕದ ಕಾರಣಕ್ಕೆ ಫೈನಲ್‌ನಿಂದ ಅನರ್ಹಗೊಂಡ ವಿನೇಶ್ ಫೋಗಟ್ ಅವರ ಪರ ಕ್ರೀಡಾ ನ್ಯಾಯಮಂಡಳಿಯಲ್ಲಿ ವಕೀಲರು ವಾದಿಸಿದರು. ಮೇಲ್ಮನವಿ ತಿರಸ್ಕೃತವಾಯಿತು, ನಿಜ. ಆದರೆ ಕೇಳುವವರಿದ್ದರು. ಆ ತೀರ್ಪು ಬಂದದ್ದು 2024ರ ಆಗಸ್ಟ್ 14ರಂದು, ಖಾಶಾಬಾ ತೀರಿಕೊಂಡು ಸರಿಯಾಗಿ 40 ವರ್ಷ ತುಂಬಿದ ದಿನ.

ಈ ಕಥೆ ನನ್ನನ್ನು ಇಷ್ಟು ಕಾಡಲು ಒಂದು ಕಾರಣವಿದೆ. ಮೂರನೇ ಸೆಮಿಸ್ಟರ್‌ನಲ್ಲಿ ಒಂದು ವಿಷಯದಲ್ಲಿ ನಾನು ಮೂರು ಅಂಕಗಳಿಂದ ಫೇಲಾದೆ. ಚೆನ್ನಾಗಿ ಬರೆದಿದ್ದೇನೆ ಎಂಬ ನಂಬಿಕೆ ಇತ್ತು. ಗೆಳೆಯರೊಂದಿಗೆ ಕ್ಯಾಂಟೀನಿನಲ್ಲಿ ಕುಳಿತು ಮೌಲ್ಯಮಾಪಕರನ್ನು ಬೈದದ್ದೇ ಬೈದದ್ದು. ನಾಲ್ಕು ದಿನ ಹೀಗೇ ಕಳೆಯಿತು. ಐದನೇ ದಿನ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಹೋದಾಗ ಕೊನೆಯ ದಿನಾಂಕ ಮುಗಿದಿತ್ತು. ಮುಂದಿನ ಪರೀಕ್ಷೆಯಲ್ಲಿ ಪಾಸಾದೆ. ಆದರೆ ಅಷ್ಟರೊಳಗೆ ಇಂಟರ್ನ್‌ಶಿಪ್‌ಗಾಗಿ ಕಾಲೇಜಿಗೆ ಬಂದಿದ್ದ ಕಂಪನಿಯೊಂದು ಬ್ಯಾಕ್‌ಲಾಗ್ ಇದ್ದವರನ್ನು ಒಳಗೆ ಬಿಟ್ಟಿರಲಿಲ್ಲ. ಆ ಉತ್ತರ ಪತ್ರಿಕೆಯಲ್ಲಿ ತಪ್ಪು ಮೌಲ್ಯಮಾಪಕರದ್ದೋ ನನ್ನದೋ ಇವತ್ತಿಗೂ ಗೊತ್ತಿಲ್ಲ. ಕೇಳಬೇಕಾದಾಗ ಕೇಳಲಿಲ್ಲವಾದ್ದರಿಂದ ಇನ್ನು ಗೊತ್ತಾಗುವುದೂ ಇಲ್ಲ. ಹೆಲ್ಸಿಂಕಿಯಲ್ಲಿ ಖಾಶಾಬಾ ಅವರ ಪರ ಮಾತನಾಡಲು ಯಾರೂ ಇರಲಿಲ್ಲ. ನನ್ನ ಪರ ಮಾತನಾಡಬೇಕಾದವನು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದ.

ಗೆಳೆಯರೇ, ನಮಗೆಲ್ಲ ಒಂದಲ್ಲ ಒಂದು ಕಡೆ ಅನ್ಯಾಯದ ತೀರ್ಪು ಎದುರಾಗುತ್ತದೆ. ನೇಮಕಾತಿಯ ತಾತ್ಕಾಲಿಕ ಕೀ ಉತ್ತರ ಪ್ರಕಟವಾದಾಗ ಆಕ್ಷೇಪಣೆಗೆ ಕೊಡುವುದು ಕೆಲವೇ ದಿನ. ಬೈಯಲು ಜೀವನಪೂರ್ತಿ ಸಮಯವಿರುತ್ತದೆ. ನಿಯಮ ಓದಿ, ಆಧಾರ ಜೋಡಿಸಿ, ಆ ಕೆಲವೇ ದಿನಗಳಲ್ಲಿ ಕೇಳೋಣ. ಕೇಳಿದ ಮೇಲೆ ಎರಡನೇ ಅವಕಾಶ ಸಿಕ್ಕರೆ ಖಾಶಾಬಾ ಅವರಂತೆ ಅಂಕ ಎಣಿಸುವ ಅಗತ್ಯವೇ ಬಾರದಂತೆ ಆಡೋಣ. ಸಿಗದಿದ್ದರೂ ಮುಂದಿನ ಕೆಲಸ ಕಾಯುತ್ತಿರುತ್ತದೆ, ಬಿಡಿಸಿಕೊಡಬೇಕಾದ ಯಾರದೋ ಮನೆ ಇರುತ್ತದೆ.

ಈ ಸಲದ ಜಾತ್ರೆಗೆ ಊರಿನ ಹುಡುಗರು ಸೇರಿ ಹಿರಿಯರ ಮುಂದೆ ಒಂದು ಬೇಡಿಕೆ ಇಟ್ಟಿದ್ದೇವೆ. ಕುಸ್ತಿ ಶುರುವಾಗುವ ಮುನ್ನ ಮೈಕಿನಲ್ಲಿ ನಿಯಮ ಹೇಳಬೇಕು, ಪಂಚರ ಪಕ್ಕದಲ್ಲಿ ಎರಡೂ ಕಡೆಯ ಒಬ್ಬೊಬ್ಬ ಹಳೆಯ ಪೈಲ್ವಾನರು ನಿಲ್ಲಬೇಕು. ಹಿರಿಯರು ಒಪ್ಪಿದ್ದಾರೆ. ಒಂದು ಕಡೆಗೆ ನಿಲ್ಲಲು ನನ್ನ ಅಜ್ಜ ಈಗಲೇ ಹೆಸರು ಕೊಟ್ಟಿದ್ದಾರೆ.

– ಬಿ.ಇ. ಮೂರನೇ ವರ್ಷದ ವಿದ್ಯಾರ್ಥಿ, ಅಕ್ಕೋಳ, ನಿಪ್ಪಾಣಿ ತಾಲ್ಲೂಕು