ಉರುಲಿನಿಂದ ಬಿಡಿಸಿದ ಮೇಲೆ: ಅಸ್ಸಿಸಿಯ ಸಂತ ಫ್ರಾನ್ಸಿಸರು

ಅಕ್ಟೋಬರ್ 4ರಂದು ಧರ್ಮಸಭೆಯು ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವನ್ನು ಆಚರಿಸುತ್ತದೆ. ಭುಜದ ಮೇಲೊಂದು, ಅಂಗೈಯಲ್ಲೊಂದು ಹಕ್ಕಿಯನ್ನು ಕುಳ್ಳಿರಿಸಿಕೊಂಡು ನಿಂತ ಅವರ ಪ್ರತಿಮೆಯನ್ನು ಕಾಣದ ಕಥೋಲಿಕ ಕುಟುಂಬ ವಿರಳ. ಬಳ್ಳಾರಿ ಧರ್ಮಪ್ರಾಂತ್ಯದ ಪ್ರಥಮ ಧರ್ಮಾಧ್ಯಕ್ಷರಾದ ಜಾನ್ ಫಾರೆಸ್ಟ್ ಹೋಗನ್‌ರವರು ಫ್ರಾನ್ಸಿಸ್ಕನ್ ಸಭೆಗೆ ಸೇರಿದವರಾಗಿದ್ದುದರಿಂದ ಈ ಸಂತರ ಹೆಸರು ನಮ್ಮ ಭಾಗದ ಹಿರಿಯರಿಗೆ ಚಿರಪರಿಚಿತ. ಆದರೆ ಆ ಪ್ರತಿಮೆಯನ್ನಷ್ಟೇ ನೋಡಿ ಬೆಳೆದ ನಾವು, ಸೆರೆಯಲ್ಲಿರುವ ಯಾವುದೇ ಜೀವಿಯನ್ನು ಬಿಟ್ಟುಬಿಟ್ಟರೆ ಕರುಣೆಯ ಕೆಲಸ ಮುಗಿಯಿತೆಂದು ಭಾವಿಸಿದ್ದೇವೆಯೋ ಏನೋ ಎಂಬ ಅನುಮಾನ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ.

ಅನುಮಾನಕ್ಕೆ ಕಾರಣ ನನ್ನದೇ ಒಂದು ತಪ್ಪು. ಹಲವು ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರವೊಂದರ ರಜತ ಮಹೋತ್ಸವದಂದು, ಶಾಂತಿಯ ಸಂಕೇತವೆಂದು ಹನ್ನೆರಡು ಬಿಳಿಯ ಪಾರಿವಾಳಗಳನ್ನು ಕೊಂಡು ತರಿಸಿ, ಬಲಿಪೂಜೆಯ ನಂತರ ಮಕ್ಕಳ ಕೈಯಿಂದ ಹಾರಿಬಿಡಿಸಿದೆ. ಜನರು ಚಪ್ಪಾಳೆ ತಟ್ಟಿದರು. ನನ್ನ ಹೃದಯವೂ ತುಂಬಿಬಂತು. ಮರುದಿನ ಬೆಳಿಗ್ಗೆ ದೇವಾಲಯದ ಹಿತ್ತಿಲಲ್ಲಿ ಬೆಕ್ಕು ತಿಂದುಳಿದ ಬಿಳಿಯ ಗರಿಗಳು ಬಿದ್ದಿದ್ದವು. ಗೂಡಿನಲ್ಲಿ ಹುಟ್ಟಿ, ಮನುಷ್ಯನ ಕೈಯ ಕಾಳನ್ನೇ ತಿಂದು ಬೆಳೆದ ಆ ಹಕ್ಕಿಗಳಿಗೆ ರಾತ್ರಿಯನ್ನು ಎಲ್ಲಿ ಕಳೆಯಬೇಕೆಂಬುದೇ ತಿಳಿದಿರಲಿಲ್ಲ. ಉಳಿದವುಗಳಲ್ಲಿ ಕೆಲವನ್ನು ಹುಡುಗರು ಹಿಡಿದು ಮಾರಾಟಗಾರನಿಗೇ ಮರಳಿ ಮಾರಿದರೆಂದು ಆಮೇಲೆ ತಿಳಿಯಿತು. ಆ ವಾರ ನಾನು ಫ್ರಾನ್ಸಿಸರ ಜೀವನಚರಿತ್ರೆಯನ್ನು ಮತ್ತೊಮ್ಮೆ ತೆರೆದೆ. ಗುರುಮಠದಲ್ಲಿ ಓದುವಾಗ ಕಣ್ಣಿಗೆ ಬೀಳದಿದ್ದ ಎಷ್ಟೋ ಸಂಗತಿಗಳು ಈ ಬಾರಿ ಕಂಡವು.

ಫ್ರಾನ್ಸಿಸರು 1181 ಅಥವಾ 1182ರಲ್ಲಿ ಮಧ್ಯ ಇಟಲಿಯ ಅಸ್ಸಿಸಿ ಪಟ್ಟಣದಲ್ಲಿ ಜನಿಸಿದರು. ತಂದೆ ಪಿಯೆತ್ರೊ ಬೆರ್ನಾರ್ದೊನೆ ಸಿರಿವಂತ ಬಟ್ಟೆ ವ್ಯಾಪಾರಿ, ತಾಯಿ ಪೀಕಾ. ಯೌವನವು ಹಾಡು, ಔತಣ, ಗೆಳೆಯರ ಕೂಟಗಳಲ್ಲಿ ಕಳೆಯಿತು. 1202ರಲ್ಲಿ ಅಸ್ಸಿಸಿಗೂ ನೆರೆಯ ಪೆರೂಜಾಕ್ಕೂ ಯುದ್ಧವಾದಾಗ ಸೆರೆಸಿಕ್ಕಿದ ಫ್ರಾನ್ಸಿಸರು ಸುಮಾರು ಒಂದು ವರ್ಷ ಪೆರೂಜಾದ ಬಂದೀಖಾನೆಯಲ್ಲಿದ್ದರು. ಬಿಡುಗಡೆಯಾಗಿ ಬಂದವರು ದೀರ್ಘಕಾಲ ಕಾಯಿಲೆ ಮಲಗಿದರು. ಎದ್ದು ಹೊರಗೆ ಅಡಿಯಿಟ್ಟಾಗ, ಹಿಂದೆ ಮನತಣಿಸುತ್ತಿದ್ದ ಹೊಲಗಳೂ ದ್ರಾಕ್ಷಿತೋಟಗಳೂ ಅವರಿಗೆ ಯಾವ ಸಂತೋಷವನ್ನೂ ಕೊಡಲಿಲ್ಲವಂತೆ. ಸೆರೆಯ ಬಾಗಿಲು ತೆರೆದ ಮಾತ್ರಕ್ಕೆ ಬಂದಿಯು ಸ್ವಸ್ಥನಾಗುವುದಿಲ್ಲವೆಂಬುದನ್ನು ಅವರು ಸ್ವಂತ ದೇಹದಲ್ಲಿಯೇ ಕಂಡುಕೊಂಡಿದ್ದರು.

ಎರಡನೆಯ ಸೆರೆ ಸ್ವಂತ ಮನೆಯದು. ಪಾಳುಬಿದ್ದ ಸಂತ ದಾಮಿಯಾನೊ ದೇವಾಲಯವನ್ನು ದುರಸ್ತಿಗೊಳಿಸಲು ಮಗ ಅಂಗಡಿಯ ಬಟ್ಟೆಯನ್ನು ಮಾರಿ ಹಣ ತಂದನೆಂದು ತಿಳಿದ ತಂದೆ, ಅವರನ್ನು ಎಳೆದೊಯ್ದು ಮನೆಯ ಕತ್ತಲ ಕೋಣೆಯಲ್ಲಿ ಕಟ್ಟಿಹಾಕಿದನು. ಕೆಲ ದಿನಗಳ ನಂತರ ಆತ ವ್ಯಾಪಾರಕ್ಕೆಂದು ಪರಊರಿಗೆ ಹೋದಾಗ ತಾಯಿ ಮಗನೊಡನೆ ಮಾತನಾಡಿದಳು. ಮನವೊಲಿಸಲು ಪ್ರಯತ್ನಿಸಿದಳು. ಮಗನ ಮನಸ್ಸು ಸ್ಥಿರವಾಗಿದೆ, ಅವನಿಗೆ ಹೋಗಬೇಕಾದ ನೆಲೆಯೊಂದು ಇದೆ ಎಂಬುದನ್ನು ಅರಿತ ಮೇಲೆಯೇ ಆಕೆ ಕಟ್ಟುಗಳನ್ನು ಬಿಚ್ಚಿದ್ದು. ಫ್ರಾನ್ಸಿಸರು ನೇರವಾಗಿ ಸಂತ ದಾಮಿಯಾನೊ ದೇವಾಲಯಕ್ಕೆ ಮರಳಿದರು. ಹಿಂತಿರುಗಿದ ಗಂಡನ ಬೈಗುಳವೆಲ್ಲ ಪೀಕಾಳ ಪಾಲಿಗೆ ಬಂತು. ಈ ತಾಯಿಯ ಬಗ್ಗೆ ನಮ್ಮ ಪ್ರವಚನಗಳಲ್ಲಿ ಒಂದು ಮಾತೂ ಬರುವುದಿಲ್ಲ, ಅದು ನ್ಯಾಯವಲ್ಲ.

1206ರಲ್ಲಿ ಧರ್ಮಾಧ್ಯಕ್ಷರ ಎದುರಿನಲ್ಲಿ ತೊಟ್ಟ ಬಟ್ಟೆಯನ್ನೂ ತಂದೆಗೆ ಹಿಂದಿರುಗಿಸಿ ಬಡತನವನ್ನು ವರಿಸಿದುದು, ಕುಷ್ಠರೋಗಿಗಳ ಶುಶ್ರೂಷೆಗೆ ನಿಂತುದು, 1209ರಲ್ಲಿ ಜಗದ್ಗುರು ಮೂರನೆಯ ಇನ್ನೊಸೆಂಟರು ಅವರ ಜೀವನಕ್ರಮಕ್ಕೆ ಒಪ್ಪಿಗೆಯಿತ್ತುದು ಎಲ್ಲರಿಗೂ ತಿಳಿದ ವಿಷಯಗಳು. ಈ ಲೇಖನಕ್ಕೆ ಬೇಕಾದುದು ಅವರ ಪ್ರಥಮ ಚರಿತ್ರಕಾರ ಚೆಲಾನೊದ ತೋಮಾಸರು ಸಂತರ ಮರಣದ ಮೂರು ವರ್ಷಗಳೊಳಗೆ ಬರೆದಿಟ್ಟ ಕೆಲವು ಪುಟ್ಟ ಘಟನೆಗಳು.

ಗ್ರೆಚ್ಚೊ ಎಂಬಲ್ಲಿ ಸಹೋದರನೊಬ್ಬ ಉರುಲಿಗೆ ಸಿಕ್ಕಿದ ಮೊಲದ ಮರಿಯೊಂದನ್ನು ತಂದನು. ಫ್ರಾನ್ಸಿಸರು ಅದನ್ನು ಮೈದಡವಿ ನೆಲದ ಮೇಲೆ ಬಿಟ್ಟರು. ಅದು ಮತ್ತೆ ಮತ್ತೆ ಅವರ ಮಡಿಲಿಗೇ ಬಂದು ಕುಳಿತಿತು. ಬಿಟ್ಟಾಯಿತು, ಹೋಗದಿದ್ದರೆ ಅದರ ಹಣೆಬರಹ ಎಂದು ಅವರು ಸುಮ್ಮನಾಗಲಿಲ್ಲ. ತನ್ನ ಪ್ರೀತಿಗೆ ಒಲಿದಿದೆಯೆಂದು ಸಾಕಿಕೊಳ್ಳಲೂ ಇಲ್ಲ. ಸಹೋದರರಿಗೆ ಹೇಳಿ ಅದನ್ನು ಹತ್ತಿರದ ಕಾಡಿಗೆ ಒಯ್ದು ಬಿಡಿಸಿದರು. ರಿಯೆತಿ ಸರೋವರದಲ್ಲಿ ಬೆಸ್ತನೊಬ್ಬ ಆಗಷ್ಟೇ ಹಿಡಿದ ದೊಡ್ಡ ಮೀನನ್ನು ಕಾಣಿಕೆಯಾಗಿ ಕೊಟ್ಟಾಗ, ದೋಣಿಯಿಂದಲೇ ಅದನ್ನು ಅದೇ ನೀರಿಗೆ ಮರಳಿಸಿದರು. ಎರಡೂ ಕಾಡುನೀರಿನ ಜೀವಿಗಳು. ಎರಡೂ ಸ್ವಲ್ಪ ಹೊತ್ತಿನ ಮುಂಚೆ ಸೆರೆಯಾದವು. ಎರಡನ್ನೂ ಬಿಟ್ಟದ್ದು ಅವುಗಳ ನೆಲೆಗೆ.

ಕುರಿಮರಿಗಳ ಪ್ರಸಂಗ ಬೇರೆಯೇ. ಅಂಕೋನಾ ಸೀಮೆಯಲ್ಲಿ ಒಬ್ಬಾತ ಎರಡು ಕುರಿಮರಿಗಳ ಕಾಲು ಕಟ್ಟಿ ಹೆಗಲಿಗೆ ತೂಗುಹಾಕಿಕೊಂಡು ಸಂತೆಗೆ ಹೊರಟಿದ್ದನು. ಕೊಂಡವರು ಕಡಿದು ತಿನ್ನುವರೆಂದು ತಿಳಿದ ಫ್ರಾನ್ಸಿಸರು ಹೊದೆದಿದ್ದ ಮೇಲಂಗಿಯನ್ನೇ ಬೆಲೆಯಾಗಿ ಕೊಟ್ಟು ಮರಿಗಳನ್ನು ಕೊಂಡರು. ಚಳಿಗೆಂದು ಆ ದಿನವೇ ಭಕ್ತನೊಬ್ಬನಿಂದ ಎರವಲು ಪಡೆದ ಮೇಲಂಗಿ ಅದು. ಬೆಲೆಯಲ್ಲಿ ಮರಿಗಳಿಗಿಂತ ಬಹಳ ಹೆಚ್ಚಿನದು. ಮರಿಗಳೇನೋ ಕೈಗೆ ಬಂದವು. ಮುಂದೇನು? ಸಂತರಿಗೂ ತೋಚಲಿಲ್ಲ. ಜೊತೆಗಿದ್ದ ಸಹೋದರನ ಸಲಹೆ ಕೇಳಿದರು. ಕೊನೆಗೆ ಮರಿಗಳನ್ನು ಮಾರಿದವನಿಗೇ ಹಿಂದಕ್ಕೊಪ್ಪಿಸಿ, ಇವುಗಳನ್ನು ಎಂದಿಗೂ ಮಾರಬಾರದು, ನೋಯಿಸಬಾರದು, ಮೇಯಿಸಿ ಕಾಪಾಡಬೇಕು ಎಂದು ವಿಧಿಸಿದರು. ಆಡುಗಳ ಹಿಂಡಿನ ನಡುವೆ ಒಂಟಿಯಾಗಿದ್ದ ಮತ್ತೊಂದು ಕುರಿಯನ್ನು ಬಿಡಿಸಿದಾಗಲೂ ಅಷ್ಟೇ: ಅದನ್ನು ಸಾನ್ ಸೆವೆರೀನೊದ ಕನ್ಯಾಸ್ತ್ರೀಯರ ಮಠಕ್ಕೆ ಒಪ್ಪಿಸಿದರು. ಅದರ ಉಣ್ಣೆಯಿಂದ ನೇಯ್ದ ಅಂಗಿಯೊಂದನ್ನು ಆ ಕನ್ಯಾಸ್ತ್ರೀಯರು ಮುಂದೆ ಅವರಿಗೆ ಕಳುಹಿಸಿದರು.

ಕುರಿಹಟ್ಟಿಗಳ ನಡುವೆ ಬಾಳುವ ಕೂಡ್ಲಿಗಿ, ಹರಪನಹಳ್ಳಿಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುರಿಮರಿಯನ್ನು ಅಡವಿಗೆ ಬಿಡುವವನು ಅದನ್ನು ತೋಳಕ್ಕೆ ಕೊಟ್ಟಂತೆಯೇ. ಫ್ರಾನ್ಸಿಸರು ಕೊನೆಯುಸಿರೆಳೆಯುವ ಸುಮಾರಿಗೆ ಜನಿಸಿದ ಸಂತ ಥಾಮಸ್ ಅಕ್ವಿನಾಸರು ಕರುಣೆಯಲ್ಲಿ ಎರಡು ಮಜಲುಗಳನ್ನು ಗುರುತಿಸುತ್ತಾರೆ. ಪರರ ಸಂಕಟವನ್ನು ಕಂಡು ಮನಸ್ಸು ಕಲಕುವುದು ಒಂದು. ಆ ಕಲಕುವಿಕೆಯು ವಿವೇಕದ ಆಳ್ವಿಕೆಗೆ ಒಳಪಟ್ಟು ಸದ್ಗುಣವಾಗುವುದು ಇನ್ನೊಂದು. ತರಗತಿಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದ ನಾನು ಪಾರಿವಾಳಗಳ ವಿಷಯದಲ್ಲಿ ಮೊದಲನೆಯದರಲ್ಲೇ ನಿಂತುಬಿಟ್ಟಿದ್ದೆ. ಫ್ರಾನ್ಸಿಸರು ಅಕ್ವಿನಾಸರನ್ನು ಓದಿರಲಿಲ್ಲ. ಆದರೂ ದಾರಿಯ ಮಧ್ಯದಲ್ಲಿ ನಿಂತು ಮುಂದೇನೆಂದು ಸಂಗಡಿಗನನ್ನು ಕೇಳಿದರು.

ಈ ಪ್ರಶ್ನೆ ನಮ್ಮ ನೆರೆಯಲ್ಲೇ ದೊಡ್ಡ ಗಾತ್ರದಲ್ಲಿ ಎದ್ದಿದೆ. ಐವತ್ತು ದಾಟಿದವರಿಗೆ ನೆನಪಿರಬಹುದು, ತೇರು ಜಾತ್ರೆಗಳ ಕಾಲದಲ್ಲಿ ಕೊಟ್ಟೂರು, ಹಡಗಲಿಯಂತಹ ಊರುಗಳ ಬೀದಿಗಳಿಗೆ ಕರಡಿ ಕುಣಿಸುವವರು ಬರುತ್ತಿದ್ದರು. ಹೆದರಿಕೆ ಹೋಗಲೆಂದು ಮಕ್ಕಳನ್ನು ಕರಡಿಯ ಬೆನ್ನ ಮೇಲೆ ಕೂರಿಸುತ್ತಿದ್ದರು. ಅದರ ಕೂದಲನ್ನು ತಾಯಿತದಲ್ಲಿಟ್ಟು ಕಟ್ಟುತ್ತಿದ್ದರು. ಆ ಕರಡಿ ಮರಿಯಾಗಿದ್ದಾಗಲೇ ತಾಯಿಯಿಂದ ಕಸಿದು ತಂದದ್ದು. ಕಾದ ಕಬ್ಬಿಣದಿಂದ ಮೂತಿಯನ್ನು ಚುಚ್ಚಿ ಹಗ್ಗ ತೂರಿಸಿ, ಹಲ್ಲುಗಳನ್ನು ಮುರಿದು, ಉಗುರು ಕತ್ತರಿಸಿ ಕುಣಿಯಲು ಕಲಿಸಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಈ ಆಟ ದಶಕಗಳ ಕಾಲ ನಡೆಯಿತು. ಕಲಂದರ್ ಸಮುದಾಯದವರಿಂದ ಕರಡಿಗಳನ್ನು ಪಡೆದು, ಅವರಿಗೆ ಬೇರೆ ಜೀವನೋಪಾಯಕ್ಕೆ ನೆರವು ನೀಡುವ ಕಾರ್ಯ ಆರಂಭವಾದ ಮೇಲೆ, 2009ರ ಹೊತ್ತಿಗೆ ಅದು ಹೆಚ್ಚುಕಡಿಮೆ ನಿಂತಿತು. ನಮ್ಮ ರಾಜ್ಯದಲ್ಲಿ ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರ ಅವುಗಳಿಗೆ ಆಶ್ರಯವಾಯಿತು.

ಅವುಗಳನ್ನು ಕಾಡಿಗೇಕೆ ಬಿಡಲಿಲ್ಲವೆಂದು ಉಪದೇಶ ತರಗತಿಯ ಮಕ್ಕಳು ನನ್ನನ್ನು ಕೇಳಿದ್ದುಂಟು. ಕರಡಿಯ ಮರಿ ಎರಡು ವರ್ಷಕ್ಕೂ ಹೆಚ್ಚು ಕಾಲ ತಾಯಿಯ ಜೊತೆಗಿದ್ದು ಬದುಕುವುದನ್ನು ಕಲಿಯುತ್ತದೆ: ಯಾವ ಹುತ್ತವನ್ನು ಅಗೆಯಬೇಕು, ಗೆದ್ದಲನ್ನು ಹೇಗೆ ಹೀರಬೇಕು, ಯಾವ ಹಣ್ಣು ಯಾವ ತಿಂಗಳಿನದು, ಬೇಸಿಗೆಯಲ್ಲಿ ನೀರು ಎಲ್ಲಿ. ಈ ವಿದ್ಯೆಯೂ ಇಲ್ಲದೆ, ಹಲ್ಲು ಉಗುರುಗಳೂ ಇಲ್ಲದೆ ಅಡವಿಗೆ ಹೋಗುವ ಕರಡಿಗೆ ಹಸಿವೊಂದೇ ಸಂಗಾತಿ. ಆವರಣದೊಳಗೆ ಮರದ ನೆರಳು, ಕೊಳ, ಗಂಜಿ, ವೈದ್ಯರ ಆರೈಕೆಯಲ್ಲಿ ಆಯುಷ್ಯ ಕಳೆಯುವುದು ಪೂರ್ಣ ಸ್ವಾತಂತ್ರ್ಯವಲ್ಲವೆಂಬುದು ನಿಜ. ಆದರೆ ಆ ಸ್ವಾತಂತ್ರ್ಯವನ್ನು ನಾವು ಮೊದಲೇ ಕಸಿದಿದ್ದೇವೆ. ಬಾಗಿಲು ತೆರೆದು ಕೈತೊಳೆದುಕೊಂಡರೆ ಅದು ಮರಳಿ ಬರುವುದಿಲ್ಲ.

ಇದಕ್ಕೆ ವಿರುದ್ಧವಾದ ಸಂಕಟವೂ ಇದೆ. ಕೂಡ್ಲಿಗಿ ತಾಲ್ಲೂಕಿನ ಬಂಡೆಗುಡ್ಡಗಳ ಗವಿಗಳಲ್ಲಿ ಕಾಡುಕರಡಿಗಳು ಈಗಲೂ ವಾಸಿಸುತ್ತವೆ. 1994ರಲ್ಲಿ ಘೋಷಿತವಾದ ದರೋಜಿಯ ಕರಡಿಧಾಮದ ಜೊತೆಗೆ 2013ರಲ್ಲಿ ಗುಡೇಕೋಟೆಯಲ್ಲಿಯೂ ಕರಡಿಧಾಮ ಘೋಷಿತವಾಯಿತು. ರಾತ್ರಿ ಶೇಂಗಾ, ಮೆಕ್ಕೆಜೋಳದ ಹೊಲಗಳಿಗೆ ಇಳಿಯುವ ಕರಡಿಯಿಂದ ಮುಖ ಸೀಳಿಸಿಕೊಂಡ ರೈತನ ನೋವನ್ನು ಕಡೆಗಣಿಸಿ ಪ್ರಾಣಿದಯೆಯನ್ನು ಬೋಧಿಸುವುದು ಕ್ರೈಸ್ತ ಧರ್ಮವಾಗಲಾರದು. ಹಿಡಿದು ದೂರದ ಕಾಡಿಗೆ ಬಿಟ್ಟುಬನ್ನಿ ಎಂಬುದು ನಮ್ಮ ಸಾಮಾನ್ಯ ಬೇಡಿಕೆ. ಕೊಲ್ಲಿರೆಂದು ಕೇಳುವುದಕ್ಕಿಂತ ಅದು ಮೃದುವಾಗಿ ಕೇಳಿಸುತ್ತದೆ. ಆದರೆ ಮಹಾರಾಷ್ಟ್ರದ ಜುನ್ನರ್ ಭಾಗದ ಅನುಭವ ಎಚ್ಚರಿಸುತ್ತದೆ. ಅಲ್ಲಿ 2001ರಿಂದ ಚಿರತೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಹಿಡಿದು ಬೇರೆಡೆ ಬಿಡಲಾಯಿತು. ಅದಕ್ಕೆ ಮುಂಚೆ ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿಗಳು ಆನಂತರ 17ಕ್ಕೆ ಏರಿದುವೆಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಪರಿಚಯವಿಲ್ಲದ ನೆಲದಲ್ಲಿ ಬಿಟ್ಟ ಪ್ರಾಣಿ ಬೇರೊಬ್ಬರ ಊರಿನ ಸಂಕಟವಾಗುತ್ತದೆ.

ಗುಬ್ಬಿಯೊ ಪಟ್ಟಣದ ತೋಳದ ಕಥೆ ಇಲ್ಲಿ ನೆನಪಾಗುತ್ತದೆ. ಸಂತರ ಕಾಲಾನಂತರ ಬಂದ ಸಂಕಲನದಲ್ಲಿ ಅದು ಸಿಗುವುದರಿಂದ ಅಕ್ಷರಶಃ ನಡೆದುದೇ ಎಂದು ನಾನು ವಾದಿಸುವುದಿಲ್ಲ. ಕಥೆಯಲ್ಲಿ ಫ್ರಾನ್ಸಿಸರು ತೋಳವನ್ನು ಕೊಲ್ಲಿಸಲಿಲ್ಲ, ಮತ್ತೊಂದು ಊರಿನ ಗಡಿಗೆ ಅಟ್ಟಲೂ ಇಲ್ಲ. ಹಸಿವೇ ಅದರ ಕ್ರೌರ್ಯಕ್ಕೆ ಮೂಲವೆಂದು ಅರಿತು, ಪಟ್ಟಣಕ್ಕೂ ತೋಳಕ್ಕೂ ಒಡಂಬಡಿಕೆ ಮಾಡಿಸಿದರು. ಎರಡು ವರ್ಷಗಳ ನಂತರ ಅದು ಮುಪ್ಪಿನಿಂದ ಸತ್ತಾಗ ಊರಿನವರು ದುಃಖಿಸಿದರಂತೆ. ಕರಡಿಗೆ ಅನ್ನ ಹಾಕಿರೆಂದು ಇದರ ಅರ್ಥವಲ್ಲ. ಹಾಗೆ ಮಾಡಿದರೆ ಅಪಾಯ ಹೆಚ್ಚುವುದು. ಗುಡ್ಡದ ಹಣ್ಣಿನ ಗಿಡಗಳು ಗುಡ್ಡದಲ್ಲೇ ಉಳಿದರೆ, ಗವಿಯ ಬಂಡೆಗಳನ್ನು ಕ್ವಾರಿಗೆ ಒಡೆಯದಿದ್ದರೆ, ಕರಡಿಗೆ ಹೊಲದ ದಾರಿ ಹಿಡಿಯುವ ಅಗತ್ಯ ಕಡಿಮೆಯಾಗುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ ಯಾರೂ ಹಕ್ಕಿಗಳನ್ನು ತಂದು ಬಿಡಲಿಲ್ಲ. ಕೆರೆಯ ನೀರೂ ಜಾಲಿಯ ಮರಗಳೂ ಇದ್ದುದರಿಂದ ಅವು ತಾವಾಗಿಯೇ ಬಂದು ಗೂಡು ಕಟ್ಟಿದವು. 2024ರಲ್ಲಿ ಅದು ರಾಮ್ಸಾರ್ ತಾಣವೆಂದು ಮಾನ್ಯತೆ ಪಡೆಯಿತು.

ಫ್ರಾನ್ಸಿಸರ ಕೊನೆಯ ವರ್ಷಗಳು ಯಾತನೆಯವು. 1224ರಲ್ಲಿ ಲಾ ವೆರ್ನಾ ಬೆಟ್ಟದಲ್ಲಿ ಅವರ ದೇಹದಲ್ಲಿ ಪ್ರಭು ಕ್ರಿಸ್ತರ ಪಂಚಗಾಯಗಳು ಮೂಡಿದವು, ಕಣ್ಣುಗಳು ಮಂಜಾದವು. ಹಕ್ಕಿಗಳಲ್ಲಿ ಅವರಿಗೆ ಬಹು ಪ್ರಿಯವಾದುದು ಬಾನಾಡಿ, ನಮ್ಮ ಬಯಲಿನ ನೆಲಗುಬ್ಬಿಯ ಕುಲಕ್ಕೆ ಸೇರಿದ ಮಣ್ಣುಬಣ್ಣದ ಹಕ್ಕಿ. ಚಕ್ರವರ್ತಿಯ ಬಳಿ ಮಾತನಾಡಲು ಅವಕಾಶ ದೊರೆತರೆ ಎರಡು ಬೇಡಿಕೆಗಳನ್ನು ಇಡುವ ಆಸೆ ಅವರಿಗಿತ್ತು: ಬಾನಾಡಿಗಳನ್ನು ಯಾರೂ ಹಿಡಿಯಕೂಡದೆಂಬ ಶಾಸನ, ಕ್ರಿಸ್ತಜಯಂತಿಯಂದು ಅವುಗಳಿಗಾಗಿ ದಾರಿಗಳಲ್ಲಿ ಕಾಳು ಚೆಲ್ಲಬೇಕೆಂಬ ಆಜ್ಞೆ. ಹಿಡಿದವರಿಂದ ಕೊಂಡು ಬಿಡಿಸುವ ಯೋಜನೆ ಅದರಲ್ಲಿರಲಿಲ್ಲ. ಕೊಳ್ಳುವವರಿದ್ದರೆ ಹಿಡಿಯುವವರು ಇದ್ದೇ ಇರುತ್ತಾರೆಂಬುದು ವ್ಯಾಪಾರಿಯ ಮಗನಿಗೆ ಚೆನ್ನಾಗಿ ತಿಳಿದಿತ್ತು. ಆಗಿನ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಗಿಡುಗದ ಬೇಟೆಯಲ್ಲಿ ನಿಪುಣ. ಆ ಕುರಿತು ಗ್ರಂಥವನ್ನೇ ರಚಿಸಿದವನು. ಅಂತಹ ಶಾಸನ ಹೊರಡಲಿಲ್ಲ.

1226ರ ಅಕ್ಟೋಬರ್ 3ರ ಸಂಜೆ, ಪೊರ್ಸಿಯುಂಕುಲಾದಲ್ಲಿ, ಫ್ರಾನ್ಸಿಸರು ಕೊನೆಯುಸಿರೆಳೆದರು. ಎರಡು ವರ್ಷಗಳೊಳಗೆ ಅವರಿಗೆ ಸಂತಪದವಿ ಸಂದಿತು. 1979ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ಪರಿಸರದ ಪಾಲಕ ಸಂತರೆಂದು ಸಾರಿದರು. ಹಗಲಿನ ಬೆಳಕನ್ನೇ ಮೆಚ್ಚುವ, ಮುಸ್ಸಂಜೆಗೆ ಮುಂಚೆಯೇ ಗೂಡು ಸೇರುವ ಬಾನಾಡಿಗಳು ಆ ಸಂಜೆ ಕತ್ತಲಾದ ಮೇಲೂ ಅವರಿದ್ದ ಮನೆಯ ಮಾಡಿನ ಮೇಲೆ ಹಿಂಡಾಗಿ ಬಹಳ ಹೊತ್ತು ಸುತ್ತುತ್ತಿದ್ದುದನ್ನು ಚರಿತ್ರಕಾರರು ಬರೆದಿಟ್ಟಿದ್ದಾರೆ.