ರೈಸ್ ಸಾಹೇಬರ ಸರ್ಕೀಟು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗಳ ತೆಂಗಿನ ತೋಟಗಾರನ ಕಿವಿಯು ಬಹು ಸೂಕ್ಷ್ಮವಾದುದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕೈಗೆತ್ತಿಕೊಂಡು ಒಮ್ಮೆ ಅಲುಗಿಸಿ, ನೀರು ಇಂಗಿ ಕೊಬ್ಬರಿಯು ಚಿಪ್ಪನ್ನು ಬಿಟ್ಟಿದೆಯೋ ಇಲ್ಲವೋ ಎಂಬುದನ್ನು ಸದ್ದಿನಿಂದಲೇ ಹೇಳಬಲ್ಲನು. ಇಂತಹ ಜಾಗರೂಕರ ನಾಡಿನಲ್ಲಿಯೇ ತೋಟದ ಬದುಗಳಲ್ಲಿ, ಕೆರೆಯ ಏರಿಗಳ ಮೇಲೆ, ಗುಡಿಗಳ ಮುಂದೆ ಅಕ್ಷರ ತುಂಬಿದ ಕಲ್ಲುಗಳು ನೂರಾರು ವರ್ಷ ಓದುವವರಿಲ್ಲದೆ ನಿಂತಿದ್ದುವು. ಬಾಲ್ಯದಲ್ಲಿ ಪಾಠಶಾಲೆಯ ದಾರಿಯಲ್ಲಿದ್ದ ಅಂತಹದೊಂದು ಕಲ್ಲಿಗೆ ಒರಗಿ ನಾವೂ ದಣಿವಾರಿಸಿಕೊಂಡವರೇ. ಅದರಲ್ಲೇನು ಬರೆದಿದೆಯೆಂದು ಒಂದು ದಿನವಾದರೂ ಬಗ್ಗಿ ನೋಡಿದವರಲ್ಲ. ಆದ್ದರಿಂದ, ಬಗ್ಗಿ ನೋಡಿದ ಒಬ್ಬರ ಚರಿತ್ರೆಯನ್ನು ವಾಚಕರ ಮುಂದಿಡುವುದು ನಮಗೆ ಪ್ರಾಯಶ್ಚಿತ್ತವೂ ಹೌದು.

ಬೆಂಜಮಿನ್ ಲೂಯಿ ರೈಸ್ ಅವರು 1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದರು. ತಂದೆಯವರು ಲಂಡನ್ ಮಿಷನ್ನಿನ ಪಾದ್ರಿಗಳು. ಬಾಲಕನಿಗೆ ಕನ್ನಡವು ಪುಸ್ತಕದಿಂದ ಬರುವ ಮೊದಲೇ ಬೀದಿಯಿಂದ ಬಂದಿತು. ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿ 1860ರಲ್ಲಿ ಹಿಂದಿರುಗಿ, ಮುಂದೆ ಸೆಂಟ್ರಲ್ ಕಾಲೇಜಾದ ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯರಾದರು. 1865ರಲ್ಲಿ ಮೈಸೂರು ಮತ್ತು ಕೊಡಗು ಸೀಮೆಗಳ ಪಾಠಶಾಲೆಗಳ ಇನ್‌ಸ್ಪೆಕ್ಟರಾದರು. ಹೋಬಳಿಗೊಂದು ಪಾಠಶಾಲೆಯಿರಬೇಕೆಂಬ ಯೋಜನೆಯನ್ನು 1868ರಲ್ಲಿ ಸರ್ಕಾರದ ಮುಂದಿಟ್ಟವರೂ ಇವರೇ.

ಇನ್‌ಸ್ಪೆಕ್ಟರ ಕರ್ತವ್ಯವೆಂದರೆ ಸರ್ಕೀಟು. ಕುದುರೆಯ ಮೇಲೆ ಊರಿಂದೂರಿಗೆ ಹೋಗಿ, ಮಕ್ಕಳನ್ನು ಪ್ರಶ್ನಿಸಿ, ದಾಖಲೆಗೆ ರುಜು ಹಾಕಿದರೆ ಸರ್ಕಾರದ ಕೆಲಸವು ಮುಗಿಯಿತು. ಬಹುಮಂದಿಗೆ ಅಲ್ಲಿಗೆ ಮುಗಿಯುತ್ತಿದ್ದುದೂ ಉಂಟು. ರೈಸರಿಗೆ ಮಾತ್ರ ಅಲ್ಲಿಂದ ಆರಂಭವಾಗುತ್ತಿದ್ದಿತು. ದಾರಿಯಲ್ಲಿ ಕಂಡ ಕಲ್ಲಿನ ಬಳಿ ನಿಂತರು. ಬರಹವನ್ನು ಪ್ರತಿ ಮಾಡಿಸಿ, ಅರ್ಥ ಬಲ್ಲವರನ್ನು ವಿಚಾರಿಸಿದರು. ಯಾವ ಹುಕುಮೂ ಇದನ್ನು ವಿಧಿಸಿರಲಿಲ್ಲ. ಮೇಜರ್ ಡಿಕ್ಸನ್ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದಿ ಭಾಷಾಂತರಿಸುವ ಕಾರ್ಯವೂ ಇವರ ಪಾಲಿಗೆ ಬಂದು, 1879ರಲ್ಲಿ ಮೈಸೂರಿನ ಶಾಸನಗಳ ಗ್ರಂಥವು ಹೊರಟಿತು. ಪ್ರಾಚ್ಯಶೋಧನ ಇಲಾಖೆಯನ್ನು ಇವರಿಗೆ ವಹಿಸಿದುದು ಆ ಮೇಲಿನ ಮಾತು. ಅಧಿಕಾರವು ಗಮನವನ್ನು ಹಿಂಬಾಲಿಸಿತೇ ಹೊರತು ಗಮನವು ಅಧಿಕಾರವನ್ನಲ್ಲ.

1886ರಿಂದ 1905ರ ವರೆಗೆ ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳು ಪ್ರಕಟವಾದುವು. ಅವುಗಳಲ್ಲಿರುವ ಶಾಸನಗಳು ಸುಮಾರು 9 ಸಾವಿರ. ತುಮಕೂರು ಜಿಲ್ಲೆಯ ಸಂಪುಟವು 1904ರದು. ಇಂದಿನ ಈ ಮೂರು ತಾಲ್ಲೂಕುಗಳ ಕಲ್ಲುಗಳೂ ಅದರಲ್ಲಿ ಮಾತನಾಡುತ್ತವೆ. 1892ರಲ್ಲಿ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದವರೂ ಇವರೇ. ಅಷ್ಟು ದಕ್ಷಿಣದಲ್ಲಿ ಆ ಚಕ್ರವರ್ತಿಯ ಬರಹವು ಅದುವರೆಗೆ ದೊರೆತಿರಲಿಲ್ಲ.

ಇವರ ಓದಿನಲ್ಲಿ ತಪ್ಪುಗಳಿಲ್ಲವೆಂದು ನಾವು ವಾದಿಸುವುದಿಲ್ಲ. ಗಂಗರ ತಾಮ್ರಶಾಸನಗಳ ವಿಷಯದಲ್ಲಿ ಫ್ಲೀಟ್ ಪಂಡಿತರು ಇವರೊಡನೆ ತೀವ್ರವಾಗಿ ಭಿನ್ನಾಭಿಪ್ರಾಯಪಟ್ಟರು. ಮುಂದಿನವರು ಅನೇಕ ಪಾಠಗಳನ್ನು ತಿದ್ದಿದರು. ತಿದ್ದಲು ಪಾಠವೊಂದಿದ್ದುದೇ ಇವರ ಶ್ರಮದ ಫಲವಲ್ಲವೆ? ಅಂತೆಯೇ ಇದೆಲ್ಲವೂ ಒಬ್ಬರ ಕೈಯ ಕಾರ್ಯವೆಂದು ತಿಳಿಯುವುದೂ ಸಲ್ಲದು. ಬಿಸಿಲಿನಲ್ಲಿ ಕುಳಿತು ಕಲ್ಲು ತೊಳೆದು ಅಚ್ಚು ತೆಗೆದವರು, ಸವೆದ ಅಕ್ಷರಗಳನ್ನು ಬಿಡಿಸಿದ ಪಂಡಿತರು ನಮ್ಮವರೇ. 1899ರಲ್ಲಿ ಸಹಾಯಕರಾಗಿ ಸೇರಿದ ಆರ್. ನರಸಿಂಹಾಚಾರ್ಯರು 1906ರಲ್ಲಿ ರೈಸರು ನಿವೃತ್ತರಾದಾಗ ಆ ಸ್ಥಾನವನ್ನು ಸಮರ್ಥವಾಗಿ ತುಂಬಿದರು. ರೈಸರು 1927ರಲ್ಲಿ ಇಂಗ್ಲೆಂಡಿನ ಹ್ಯಾರೋವಿನಲ್ಲಿ ತೀರಿಕೊಂಡರು.

ಪರಕೀಯರ ಆಳಿಕೆಯು ನಮಗೆ ಮಾಡಿದ ಅನ್ಯಾಯಗಳನ್ನು ಮರೆಯತಕ್ಕವರು ನಾವಲ್ಲ. ಆದರೆ ನಮ್ಮ ಪೂರ್ವಿಕರ ದಾನವನ್ನೂ ವೀರವನ್ನೂ ಸಾರುವ ಕಲ್ಲಿಗೆ ನಾವು ದನ ಕಟ್ಟಿದ್ದರೆ, ಅದು ಆಳಿದವರ ಅಪರಾಧವಲ್ಲ. ಮಣ್ಣಿನ ಅಭಿಮಾನವು ಭಾಷಣದಲ್ಲಿರುವುದಕ್ಕಿಂತ ಹೆಚ್ಚಾಗಿ ಆ ಮಣ್ಣಿನ ಬಳಿ ಹೋಗಿ ನಿಂತು ನೋಡುವುದರಲ್ಲಿದೆ.

ನೋಡುವ ಕೆಲಸವು ಮುಗಿದುದೂ ಇಲ್ಲ. ರೈಸರ ಹಾಸನ ಜಿಲ್ಲೆಯ ಸಂಪುಟವು 1902ರಲ್ಲಿಯೇ ಹೊರಟಿದ್ದರೂ, ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲು ಅದಕ್ಕೆ ಸೇರಿರಲಿಲ್ಲ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. 5ನೆಯ ಶತಮಾನದ್ದೆಂದು ಗಣಿಸಲ್ಪಟ್ಟಿರುವ ಆ ಬರಹದಿಂದ ಕನ್ನಡದ ವಯಸ್ಸಿನ ಲೆಕ್ಕವೇ ಬದಲಾಯಿತು. ಮೊದಲನೆಯವನು ಎಷ್ಟು ದುಡಿದಿದ್ದರೂ ಎರಡನೆಯವನಿಗೆ ಕೆಲಸವಿದ್ದೇ ಇರುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಇಂದಿನ ನಮ್ಮ ಅಧಿಕಾರಿಗಳು ವಾಹನದಲ್ಲಿ ಹೋಗುತ್ತಾರೆ. ದಾರಿಯು ಬೇಗ ಸಾಗುತ್ತದೆ, ಕಲ್ಲೂ ಬೇಗ ಹಿಂದೆ ಸರಿಯುತ್ತದೆ. ಮುಂದಿನ ತಪಾಸಣೆಯಲ್ಲಿ ಒಂದು ಊರಿನಲ್ಲಿ ಇಳಿದು, ತೋಟದ ನೆರಳಿನಲ್ಲಿ ಅರ್ಧ ಗಳಿಗೆ ನಡೆದು, ನಿಂತಿರುವ ಕಲ್ಲನ್ನೂ ಎದುರಿಗಿರುವ ರೈತನನ್ನೂ ಒಮ್ಮೆ ಕಣ್ಣಿಟ್ಟು ನೋಡಬೇಕೆಂದು ನಮ್ಮ ಪ್ರಾರ್ಥನೆ. ಅಷ್ಟಕ್ಕೆ ಮಂಜೂರಾತಿಯೂ ಬೇಡ, ಭತ್ಯವೂ ಬೇಡ.