ಅಧಿಕಾರ ಹಂಚಿದ ಅಧ್ಯಕ್ಷ: ರಾಜಕುಮಾರ ತಲ್ವಾರ್

ಬ್ಯಾಂಕಿನ ನೌಕರಿಯನ್ನು ನಂಬಿ ಮುಂಬಯಿಗೆ ಬಂದು ಇಲ್ಲಿಯೇ ನೆಲೆನಿಂತ ಕನ್ನಡಿಗರ ಮನೆಗಳು ಅನೇಕ. ಅಂಥ ಮನೆಗಳ ಹಿರಿಯರಿಗೆ ರಾಜಕುಮಾರ ತಲ್ವಾರರ ಹೆಸರು ಹೊಸದಲ್ಲ. ಅವರು ಪಂಜಾಬಿನವರು. ಆದರೂ ಅವರ ಜೀವನದಿಂದ ನಾವು ಕಲಿಯಬೇಕಾದುದು ಉಂಟು.

1922ರಲ್ಲಿ ಜನಿಸಿದ ತಲ್ವಾರರು 1943ರಲ್ಲಿ ಇಂಪೀರಿಯಲ್ ಬ್ಯಾಂಕನ್ನು ಸೇರಿದರು. ಅದು ದೊಡ್ಡ ವ್ಯಾಪಾರಿಗಳ ಬ್ಯಾಂಕು. ಬಡ ರೈತನಿಗೆ ಅದರ ಮೆಟ್ಟಿಲು ಬಲು ಎತ್ತರ. 1955ರ ಜುಲೈ 1ರಂದು ಅದು ಸ್ಟೇಟ್ ಬ್ಯಾಂಕಾಯಿತು. ಐದು ವರ್ಷಗಳಲ್ಲಿ 400 ಹೊಸ ಶಾಖೆಗಳನ್ನು ತೆರೆಯುವ ಹೊಣೆ ಅದರ ಮೇಲೆ ಬಿದ್ದಿತು. 1960ರಲ್ಲಿ ನಮ್ಮ ಮೈಸೂರು ಬ್ಯಾಂಕೂ ಅದರ ಅಂಗಸಂಸ್ಥೆಯಾಯಿತು. 1969ರಲ್ಲಿ ತಲ್ವಾರರು ಅಧ್ಯಕ್ಷರಾದಾಗ ಅವರಿಗಿನ್ನೂ ಐವತ್ತು ತುಂಬಿರಲಿಲ್ಲ.

ಶಾಖೆಗಳೇನೋ ಬೆಳೆದಿದ್ದವು, ಆಡಳಿತದ ಪದ್ಧತಿ ಮಾತ್ರ ಹಳೆಯದೇ. ಸ್ಥಾನಿಕ ಪ್ರಧಾನ ಕಚೇರಿಯೊಂದು ದೂರದೂರದ ನೂರಾರು ಶಾಖೆಗಳನ್ನು ನೋಡಿಕೊಳ್ಳಬೇಕು. ಸಾಲದ ಅರ್ಜಿಗಳು ಅಲ್ಲಿಗೆ ಹೋಗಿ ಹಿಂದಿರುಗುವಷ್ಟರಲ್ಲಿ ಬಿತ್ತನೆಯ ಕಾಲವೇ ಕಳೆದುಹೋದರೆ ರೈತನಿಗೆ ಆ ಸಾಲದಿಂದ ಪ್ರಯೋಜನವೇನು?

1970ರ ದಶಕದ ಆದಿಯಲ್ಲಿ ತಲ್ವಾರರು ಅಹಮದಾಬಾದಿನ ವ್ಯವಸ್ಥಾಪನ ಸಂಸ್ಥೆಯ ಪ್ರಾಧ್ಯಾಪಕರ ನೆರವಿನಿಂದ ಬ್ಯಾಂಕಿನ ಪುನರ್ರಚನೆಗೆ ಕೈಹಾಕಿದರು. ಪ್ರಧಾನ ಕಚೇರಿಗೂ ಶಾಖೆಗೂ ನಡುವೆ ಪ್ರಾದೇಶಿಕ ವ್ಯವಸ್ಥಾಪಕರು ಬಂದರು. ತಮ್ಮ ಪ್ರದೇಶದ ಶಾಖೆಗಳ ಏಳುಬೀಳು ಅವರ ಹೊಣೆಯಾಯಿತು. ಶಾಖೆಯೊಳಗಿನ ಕೆಲಸವೂ ಹೊಸದಾಗಿ ವಿಂಗಡವಾಯಿತು. ದೊಡ್ಡ ವ್ಯಾಪಾರ ಮತ್ತು ಸಂಸ್ಥೆಗಳು, ಸಣ್ಣ ಕೈಗಾರಿಕೆ ಮತ್ತು ಸಣ್ಣ ವ್ಯಾಪಾರ, ಬೇಸಾಯ, ಸಾಮಾನ್ಯ ಗಿರಾಕಿಗಳು ಎಂದು ನಾಲ್ಕು ವಿಭಾಗಗಳಾದವು. ಲೆಕ್ಕದ ಪುಸ್ತಕಕ್ಕೆ ತಕ್ಕಂತೆ ಗಿರಾಕಿ ಅಲೆಯುವುದರ ಬದಲು, ಗಿರಾಕಿಗೆ ತಕ್ಕಂತೆ ಬ್ಯಾಂಕು ಮೇಜು ಹಾಕಬೇಕೆಂಬುದು ಇದರ ತಿರುಳು. ಮೇಲಿನ ಅಧಿಕಾರ ಕೆಳಗಿಳಿಯಿತು. ಅದರೊಡನೆ ಜವಾಬ್ದಾರಿಯೂ ಇಳಿಯಿತು.

ಅಧಿಕಾರವನ್ನು ಹಂಚಿಕೊಟ್ಟ ಈ ಮನುಷ್ಯ ಒಂದನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಅದು ಸಲ್ಲದ ಕೆಲಸಕ್ಕೆ ಇಲ್ಲವೆನ್ನುವ ಹಕ್ಕು. ತುರ್ತುಪರಿಸ್ಥಿತಿಯ ಕಾಲ. ನಷ್ಟದಲ್ಲಿದ್ದ ಸಿಮೆಂಟ್ ಕಂಪನಿಯೊಂದಕ್ಕೆ ನೆರವು ಬೇಕಾದರೆ ಅದರ ಆಡಳಿತ ಬದಲಾಗಬೇಕೆಂದು ಬ್ಯಾಂಕು ಷರತ್ತು ಹಾಕಿತ್ತು. ಆ ಷರತ್ತನ್ನು ಕೈಬಿಡುವಂತೆ ದೆಹಲಿಯಿಂದ ಒತ್ತಡ ಬಂದಿತೆಂದು ಅವರ ಸಹೋದ್ಯೋಗಿ ಎನ್. ವಾಘುಲ್ ಮುಂದೆ ಬರೆದಿದ್ದಾರೆ. ತಲ್ವಾರರು ಜಗ್ಗಲಿಲ್ಲ. ರಾಜೀನಾಮೆಯನ್ನೂ ಕೊಡಲಿಲ್ಲ. ಕೊನೆಗೆ ಅಧ್ಯಕ್ಷರನ್ನು ತೆಗೆಯಲು ಅನುಕೂಲವಾಗುವಂತೆ ಸ್ಟೇಟ್ ಬ್ಯಾಂಕಿನ ಕಾಯಿದೆಯನ್ನೇ ತಿದ್ದಲಾಯಿತು! 1976ರ ಆಗಸ್ಟ್‌ನಲ್ಲಿ ಅವರು ಬ್ಯಾಂಕಿನಿಂದ ಹೊರನಡೆದರು.

ಶ್ರೀ ಅರವಿಂದರಲ್ಲಿಯೂ ಶ್ರೀಮಾತೆಯಲ್ಲಿಯೂ ಅವರಿಗೆ ಅಚಲವಾದ ಶ್ರದ್ಧೆ. ಪದವಿ ಹೋದುದಕ್ಕೆ ಅವರು ಕೊರಗಲಿಲ್ಲ. 2002ರಲ್ಲಿ ಅವರು ಕಾಲವಾದರು.

ಆಮೇಲೆ ಸ್ಟೇಟ್ ಬ್ಯಾಂಕಿನ ವ್ಯವಸ್ಥೆ ಮತ್ತೆ ಮತ್ತೆ ಬದಲಾಗಿದೆ. 2017ರಲ್ಲಿ ಮೈಸೂರು ಬ್ಯಾಂಕು ಅದರಲ್ಲಿ ವಿಲೀನವಾದಾಗ ಎಷ್ಟೋ ಕನ್ನಡಿಗರ ಮನಸ್ಸು ನೊಂದಿತು. ಕಚೇರಿಗಳನ್ನು ಕೂಡಿಸುವುದು, ಒಡೆಯುವುದು ಇದ್ದದ್ದೇ. ಮೇಲೆ ಕುಳಿತವನು ಕೆಳಗಿನವನನ್ನು ನಂಬುವನೇ, ತನ್ನ ಮೇಲಿನವನಿಗೆ ಇಲ್ಲವೆನ್ನಬಲ್ಲನೇ? ಯಾವ ಸಂಸ್ಥೆಯ ಯೋಗ್ಯತೆಯನ್ನಾದರೂ ಈ ಎರಡು ಪ್ರಶ್ನೆಗಳಿಂದ ಅಳೆಯಬಹುದು. ಪರನಾಡಿನಲ್ಲಿ ಸಂಘ ಕಟ್ಟಿ ನಡೆಸುವ ನಮಗೂ ಈ ಅಳತೆ ಸಲ್ಲುತ್ತದೆ.